‘ಪಕ್ಕದಲ್ಲೇ’ ಎಂದರೆ ಪಕ್ಕಾ ಎಲ್ಲಿ?

ನಮ್ಮ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ದೂರ ಎಂಬುದೇ ಇಲ್ಲ. ಯಾವ ಕೊಲ್ಲಿ, ಯಾವ ಕೆರೆ, ಯಾರ ಅತ್ತೆಯ ಮನೆ ಕೇಳಿದರೂ ಉತ್ತರ ಒಂದೇ: “ಇಲ್ಲೇ, ಪಕ್ಕದಲ್ಲೇ.” ಈ ಒಂದು ಮಾತಿನಿಂದ ಒಬ್ಬರ ಕಾಲಿನ ಮೂರು ಬೆರಳು ಹೋಗಿವೆ, ಇನ್ನೊಬ್ಬನ ಬೆನ್ನು ಬಾಗಿದೆ. ಬೆರಳಿನ ಕಥೆಯೂ ನಿಜ, ಬೆನ್ನಿನ ಕಥೆಯೂ ನಿಜ. ಬೆನ್ನಿನ ಕಥೆಯಲ್ಲಿ ನನ್ನ ಕೈವಾಡವೂ ಇದೆ.

ನಾಲ್ಕು ವರ್ಷ ಅರ್ಜಿ ಹಾಕಿ ಕಾದ ಮೇಲೆ ಈ ಸಲ ಗೆಳೆಯ ಹೆಡ್ಲಿಗೂ ನನಗೂ ಸೇರಿ ಮೂಸ್ ಬೇಟೆಯ ಪರವಾನಗಿ ಬಂತು. ಅಲ್ಲಿಯವರೆಗೆ ಮೊರದಗಲ ಕೊಂಬಿನ ಆ ದೈತ್ಯ ಜಿಂಕೆ, ಮೂಸ್, ನಮ್ಮನ್ನು ಮೂಸಿಯೂ ನೋಡಿರಲಿಲ್ಲ. ಒಂದು ಸಿಕ್ಕರೆ ಎರಡು ಮನೆಗೆ ಚಳಿಗಾಲವಿಡೀ ಮಾಂಸ. ಆದರೆ ಕಾಡಿಗೆ ಹೋದಾಗಲೆಲ್ಲ ಮುಂದೆ ನಡೆದು ದಾರಿ ತೋರುತ್ತಿದ್ದವರು ಹೆಡ್ಲಿಯ ಅಪ್ಪ ಸಿರಿಲ್. ಬೇಸಿಗೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಅವರ ಸೊಂಟದ ಕೀಲು ಬದಲಾಗಿತ್ತು.

“ನನ್ನ ಸೊಂಟ ನಿವೃತ್ತಿ ತಗೊಂಡಿದೆ. ಈ ಸಲ ನೀವೇ ಹೋಗಿ ಬನ್ನಿ,” ಎಂದು ಅವರು ಕುರ್ಚಿಯಿಂದಲೇ ಘೋಷಿಸಿದರು.

ಹೋಗಲು ಟ್ರಕ್ ಬೇಕು. ಟ್ರಕ್ಕಿನ ಕೀಲಿ ಇದ್ದದ್ದು ಹೆಡ್ಲಿಯ ಅಮ್ಮ ಫಿಲೊಮಿನಾ ಅವರ ಏಪ್ರನ್ನಿನ ಜೇಬಿನಲ್ಲಿ. ಆ ಜೇಬಿನ ಮೇಲೆ ಅವರ ಕೈ.

ಭಾನುವಾರ ಅವರ ಅಡುಗೆಮನೆಯಲ್ಲೇ ಸಭೆ. ಮೂರನೆಯವಳು ಲೊರೆಟಾ. ಅವಳು ನಮ್ಮ ಜೊತೆ ಶಾಲೆಗೆ ಬಂದವಳು, ಈಗ ಕಾಡಿನಲ್ಲಿ ಕಳೆದುಹೋದವರನ್ನು ಹುಡುಕುವ ಊರಿನ ತಂಡದಲ್ಲಿದ್ದಾಳೆ. ನಕ್ಷೆ ಹರಡಿ ಕೂತಿದ್ದಳು.

“ಎಲ್ಲಿಗೆ ಹೋಗೋದು?” ಎಂದಳು.

“ಗಲ್ ಪಾಂಡ್ ಕೆರೆ ಹತ್ರ. ಇಲ್ಲೇ, ಪಕ್ಕದಲ್ಲೇ,” ಎಂದ ಹೆಡ್ಲಿ, ಕಾಕಂಬಿ ಬ್ರೆಡ್ಡಿಗೆ ಬೆಣ್ಣೆ ಬಳಿಯುತ್ತ. “ಕಳೆದ ವರ್ಷ ಅಲ್ಲಿ ಒಂದು ಗಂಡು ನೋಡಿದ್ದೆ. ಅಬ್ಬಬ್ಬಾ, ಚರ್ಚಿನ ಬಾಗಿಲಲ್ಲಿ ಹಿಡಿಸಲ್ಲ ಅದು!”

“ಚರ್ಚಿಗೆ ನೀನೇ ಹೋಗಲ್ಲ, ಅದ್ಯಾಕೆ ಹೋಗುತ್ತೆ? ರಸ್ತೆಯಿಂದ ಎಷ್ಟು ದೂರ?”

“ಮುಕ್ಕಾಲು ಗಂಟೆ.”

“ಬರಿಗೈಲಿ ಮುಕ್ಕಾಲು. ಬೆನ್ನ ಮೇಲೆ ಒಂದು ಕಾಲು ಇದ್ರೆ?”

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ಮೂಸನ್ನು ನಾಲ್ಕು ಪಾಲು ಮಾಡಿಯೇ ಹೊರುವುದು. ಕಾಲು ಭಾಗಕ್ಕೊಂದು ಕಾಲು. “ಕಾಲಿಗೆ ಕಾಲು ಸೇರಿದ್ರೆ ಅರ್ಧ,” ಎಂದೆ. “ಹೆಡ್ಲಿ ಹೊತ್ರೆ ಮೂಸಿನ ನಾಲ್ಕು, ಅವನದೆರಡು, ಒಟ್ಟು ಆರು ಕಾಲು. ಅಂದ್ರೆ ಒಂದೂವರೆ ಮೂಸ್.”

“ಆಂಬ್ರೋಸ್, ನಿನ್ನ ಬಾಯಿಗೂ ಒಂದು ಪರವಾನಗಿ ಬೇಕು ಕಣೋ,” ಎಂದಳು ಲೊರೆಟಾ. ನಂತರ ಹೆಡ್ಲಿಯ ಕಡೆ ತಿರುಗಿದಳು. “ಒಂದೊಂದು ಕಾಲೂ ಸಿಮೆಂಟ್ ಮೂಟೆ ತೂಕ. ಕೆಳಗೆ ಜೌಗು. ಮಾಂಸ ಬೇಗ ಹೊರಗೆ ತಂದು ತಣ್ಣಗೆ ನೇತುಹಾಕದಿದ್ರೆ ಕೆಡುತ್ತೆ. ಕೊಂದು ಕೊಳೆಸೋಕಾ ನಾಲ್ಕು ವರ್ಷ ಕಾದಿದ್ದು?”

“ನಾನು ಹುಟ್ಟಿದ್ದೇ ಈ ಕಾಡಲ್ಲಿ. ಮಗು ಎತ್ಕೊಂಡ ಹಾಗೆ ಎತ್ಕೊಂಡು ಬರ್ತೀನಿ.”

“ಸರಿ. ಎಲ್ಲಿಗೆ, ಯಾವಾಗ ಅನ್ನೋದನ್ನಾದ್ರೂ ಬರೆದಿಟ್ಟು ಹೋಗೋಣ.”

“ಬರೆಯೋದೇನು? ಅಮ್ಮನಿಗೆ ಹೇಳಿದ್ರೆ ಸಾಕು. ಗಲ್ ಪಾಂಡ್, ಅಷ್ಟೇ.”

ನನಗೆ ಅನುಕರಣೆಯ ಚಟ. ಕೂಡಲೇ ಮೂಗು ಹಿಡಿದು, ಸ್ಪೂನನ್ನೇ ಫೋನು ಮಾಡಿ, ಪೊಲೀಸ್ ಅಧಿಕಾರಿಯ ದನಿ ತೆಗೆದೆ. “ಹಲೋ, ಅಮ್ಮಾ? ಮಗ ಬಂದಿಲ್ವಾ? ಗಲ್ ಪಾಂಡಾ? ಯಾವ ಗಲ್ ಪಾಂಡಮ್ಮಾ? ನಕ್ಷೇಲಿ ಆರಿವೆ. ದೊಡ್ಡದಾ, ಚಿಕ್ಕದಾ, ಹಳ್ಳದ ಆಚೇದಾ, ಈಚೇದಾ?”

ಹೆಡ್ಲಿ ನಕ್ಕ. ಲೊರೆಟಾ ನಗಲಿಲ್ಲ. ಫಿಲೊಮಿನಾ ಅವರ ಕೈಯಲ್ಲಿದ್ದ ಕೆಟಲ್ ಅರ್ಧದಲ್ಲೇ ನಿಂತಿತ್ತು.

“ಹಾಗೇ ಕೇಳಿದ್ರು,” ಎಂದರು ಅವರು, ತಗ್ಗಿದ ದನಿಯಲ್ಲಿ. “ನನ್ನ ತಮ್ಮ ಲಿಯಾಂಡರ್ ಹೋದಾಗ ಇದೇ ಮಾತು ಕೇಳಿದ್ರು. ಅವನು ಹೇಳಿ ಹೋಗಿದ್ದ, ‘ಅಕ್ಕಾ, ಗಲ್ ಪಾಂಡು, ಪಕ್ಕದಲ್ಲೇ’ ಅಂತ. ನಾನು ಎರಡು ದಿನ ಜನರನ್ನ ಬೇರೆ ಗಲ್ ಪಾಂಡಿಗೆ ಕಳಿಸಿದ್ದೆ ಕಣೋ. ಮೂರನೇ ದಿನ ಸಿಕ್ಕ. ಚಳಿಗೆ ಮರಗಟ್ಟಿ ಕಾಲ್ಬೆರಳು ಹೋಯ್ತು, ಜೀವ ಉಳೀತು. ಇನ್ನೊಂದು ರಾತ್ರಿ ಆಗಿದ್ರೆ...”

ಸ್ಪೂನನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ಲಿಯಾಂಡರ್ ಮಾವ ಕುಂಟುವುದು ಊರಿಗೆಲ್ಲ ಗೊತ್ತು. ಅಕ್ಕ ಅದನ್ನು ಇಷ್ಟು ವರ್ಷ ತನ್ನ ತಪ್ಪೆಂದು ಹೊತ್ತದ್ದು ನಮಗೆ ಗೊತ್ತಿರಲಿಲ್ಲ.

“ಬರೀರಿ,” ಎಂದರು ಅವರು. “ಯಾವ ಕೆರೆ, ಟ್ರಕ್ ಎಲ್ಲಿ ನಿಲ್ಲಿಸ್ತೀರಿ, ಎಷ್ಟು ಹೊತ್ತಿಗೆ ವಾಪಸ್. ಆಮೇಲೆ ಕೀಲಿ.”

ಹೆಡ್ಲಿ ತಲೆ ತಗ್ಗಿಸಿ ಪೆನ್ನು ತೆಗೆದುಕೊಂಡ. “ಬರೀತೀನಮ್ಮ. ಆದ್ರೆ ಹೊರೋ ವಿಷಯದಲ್ಲಿ ಮಾತ್ರ ಲೊರೆಟಾ ಹೆದರಿಸ್ತಿದ್ದಾಳೆ.”

“ಹಾಗಾದ್ರೆ ಬರೋ ಶನಿವಾರ ಬಂದೂಕಿಲ್ಲದೆ ಹೋಗಿ ಹೊತ್ತು ನೋಡೋಣ,” ಎಂದಳು ಲೊರೆಟಾ. “ಮೂಟೆ ನಾವು ತಯಾರು ಮಾಡ್ತೀವಿ.”

ಅವಳು ನನ್ನ ಕಡೆ ನೋಡಿದಳು. ನಾನು ಫಿಲೊಮಿನಾ ಅವರ ಕಡೆ ನೋಡಿದೆ. ಅವರು ಕಿಟಕಿಯಾಚೆ, ಹಿತ್ತಲಿನ ಕೆಸರಿನ ಕಡೆ ನೋಡಿದರು. ಗಲ್ ಪಾಂಡಿನ ದಡದಲ್ಲಿ ಚಪ್ಪಟೆಯ ಕೆಂಪು ಕಲ್ಲುಗಳಿವೆ. ಮನೆಯಿಂದ ಶೆಡ್ಡಿನವರೆಗೆ ಹಾಸಲು ನಾಲ್ಕು ತಂದುಕೊಡೋ ಎಂದು ಅವರು ಮಗನನ್ನು ಕೇಳುತ್ತ ಮೂರು ವರ್ಷವಾಗಿತ್ತು. “ತರ್ತೀನಮ್ಮ, ಪಕ್ಕದಲ್ಲೇ ಅಲ್ವಾ,” ಎನ್ನುವುದು ಅವನ ಉತ್ತರ.

ಶುಕ್ರವಾರ ನಾನೂ ಲೊರೆಟಾಳೂ ಕೆರೆಯ ದಡಕ್ಕೆ ಹೋಗಿ ನಾಲ್ಕು ಚೀಲ ತುಂಬಿ, ಬಾಯಿ ಹೊಲಿದು, ಅಲ್ಲೇ ಇಟ್ಟು ಬಂದೆವು.

ಶನಿವಾರ ಹೆಡ್ಲಿ ಮೊದಲ ಚೀಲ ಎತ್ತಿದ. “ಇದ್ರಲ್ಲಿ ಏನು ತುಂಬಿದ್ದೀರೋ?”

“ತೂಕ,” ಎಂದೆ.

ಹತ್ತು ಹೆಜ್ಜೆಗೆ ಅವನ ಹಾಡು ನಿಂತಿತು. ಇಪ್ಪತ್ತಕ್ಕೆ ಮಂಡಿಯವರೆಗೆ ಜೌಗಿನಲ್ಲಿ ಇಳಿದ. ಒಂದು ಬೂಟು ಕೆಸರಿನಲ್ಲೇ ಉಳಿಯಿತು. ಬಗ್ಗಿ ಕಿತ್ತುಕೊಳ್ಳಲು ಹೋದರೆ ಚೀಲವೇ ಅವನನ್ನು ಮಗುಚಿತು. ಮುಕ್ಕಾಲು ಗಂಟೆಯ ದಾರಿ ಎಂದವನಿಗೆ ಒಂದು ಕಾಲಿಗೆ ಎರಡೂಮುಕ್ಕಾಲು ಗಂಟೆ ಹಿಡಿಯಿತು. ಟ್ರಕ್ಕಿನ ಬಳಿ ಕುಸಿದು ಕೂತವನಿಗೆ ಲೊರೆಟಾ ಚಹಾ ಕೊಟ್ಟಳು.

“ಮಗು ಹೇಗಿದ್ಯಪ್ಪಾ?” ಎಂದಳು.

“ಮಗು ಅಲ್ಲ ಕಣೇ, ಬೀಗರ ಮನೆ ಪೂರ್ತಿ.” ಅವನು ಚಹಾ ಕುಡಿದು ಜೌಗಿನ ಕಡೆ ನೋಡಿದ. “ಇನ್ನೂ ಮೂರಿವೆ. ನಿಜವಾದ ಮೂಸ್ ಆಗಿದ್ರೆ ಕತ್ತಲಾಗಿರ್ತಿತ್ತು, ಅಲ್ವಾ?”

“ಅಷ್ಟೇ ನಾನು ಹೇಳಿದ್ದು.”

ಉಳಿದ ಮೂರನ್ನು ಎರಡು ಶನಿವಾರ ಸರದಿಯ ಮೇಲೆ ಹೊತ್ತೆವು. ಅರ್ಧಕ್ಕೆ ಬಿಡೋಣ ಎಂದು ನಾವು ಹೇಳಿದರೂ ಹೆಡ್ಲಿ ಬಿಡಲಿಲ್ಲ. ಆ ವಿಷಯದಲ್ಲಿ ಅವನು ಚಿನ್ನ. ಚೀಲಗಳು ಫಿಲೊಮಿನಾ ಅವರ ಶೆಡ್ಡು ಸೇರಿದವು. ಆಮೇಲೆ ಅವರು ಹೆಣಿಗೆಯ ಬುಟ್ಟಿಯಿಂದ ಕೆಂಪು ಉಣ್ಣೆಯ ನೂಲೊಂದನ್ನು ಕತ್ತರಿಸಿ ನಕ್ಷೆಯ ಮೇಲೆ, ಮರ ಸಾಗಿಸುವ ಹಳೆಯ ರಸ್ತೆಯ ಪಕ್ಕ ಅಂಟಿಸಿದರು. ಬೆಳಕಿರುವಾಗಲೇ ನಾಲ್ಕು ಕಾಲು ಹೊತ್ತು ತರಬಹುದಾದ ದೂರ ಅದು.

“ಈ ನೂಲಿನಾಚೆ ಗುಂಡು ಹಾರಕೂಡದು, ಬಾತುಮರಿಗಳಾ,” ಎಂದರು, ನಮ್ಮೂರಿನ ಮುದ್ದಿನ ಮಾತಿನಲ್ಲಿ. ಕೀಲಿ ಕೊಟ್ಟರು. ಬರೆದ ಚೀಟಿ ಫ್ರಿಜ್ಜಿನ ಬಾಗಿಲಿಗೆ ಏರಿತು: ಹಳ್ಳದ ಈಚೆಯ ಗಲ್ ಪಾಂಡ್, ಟ್ರಕ್ ಸೇತುವೆಯ ಬಳಿ, ಆರು ಗಂಟೆಗೆ ಮನೆ, ಏಳಾದರೂ ಬರದಿದ್ದರೆ ಹುಡುಕುವ ತಂಡಕ್ಕೆ ಫೋನು.

ಬೇಟೆಯ ಮೊದಲ ದಿನ ಬೆಳಿಗ್ಗೆ ಗಂಡು ಮೂಸ್ ಬರಲೆಂದು ನಾನು ಹೆಣ್ಣು ಮೂಸಿನಂತೆ ನರಳಿದೆ. ಜೌಗಿನಾಚೆ ಅದೇ ಗಂಡು ತಲೆಯೆತ್ತಿತು. ಅಬ್ಬಬ್ಬಾ, ಹೆಡ್ಲಿ ಸುಳ್ಳು ಹೇಳಿರಲಿಲ್ಲ. ಅವನ ಬಂದೂಕು ಭುಜಕ್ಕೇರಿತು. ಹೊಡೆದರೆ ಬೀಳುತ್ತಿತ್ತು.

ಬಂದೂಕು ಇಳಿಯಿತು.

“ನೂಲಿನಾಚೆ,” ಎಂದ ಹೆಡ್ಲಿ, ಅಳು ಬಂದವನ ಹಾಗೆ. “ಹೋಗಪ್ಪಾ, ದೊರೆ. ಚರ್ಚಿಗೆ ಹೋಗು.”

ಮೂರನೆಯ ದಿನ ಬೆಳಿಗ್ಗೆ, ರಸ್ತೆಯಿಂದ ಮುನ್ನೂರು ಹೆಜ್ಜೆಯಲ್ಲಿ, ಎಳೆಯ ಗಂಡೊಂದು ಸಿಕ್ಕಿತು. ಮಧ್ಯಾಹ್ನಕ್ಕೆ ನಾಲ್ಕೂ ಕಾಲು ಟ್ರಕ್ಕಿನಲ್ಲಿ. ಐದೂವರೆಗೆ ಮನೆ. ಕಿಟಕಿಯಲ್ಲಿ ನಿಂತಿದ್ದ ಫಿಲೊಮಿನಾ ನಮ್ಮನ್ನು ಮೂರು ಸಲ ಎಣಿಸಿ, ಫ್ರಿಜ್ಜಿನ ಚೀಟಿ ಕಿತ್ತು ಎದೆಗೊತ್ತಿಕೊಂಡರು.

ಹೆಡ್ಲಿ ಒಂದು ಕಾಲು ಹೊತ್ತು ಹಿತ್ತಲಿಗೆ ನಡೆದ. ಶೆಡ್ಡಿನವರೆಗೆ ಕಾಲಿಗೆ ಕೆಸರೇ ತಾಗಲಿಲ್ಲ. ನಿಂತ. ಕೆಳಗೆ ನೋಡಿದ. ಚಪ್ಪಟೆಯ ಕೆಂಪು ಕಲ್ಲುಗಳ ಚೆಂದದ ಸಾಲು.

“ಅಮ್ಮಾ! ಗಲ್ ಪಾಂಡಿನ ಕಲ್ಲು! ಇದನ್ನ ಯಾರು ತಂದ್ರು?”

“ನೀನೇ ತಂದೆ, ಬಾತುಮರಿ.”

ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದ ಸಿರಿಲ್ ತಲೆಯೆತ್ತಿದರು. “ಅವನು ತಂದೆ ಆದ್ರೆ ನಾನು ಯಾರು?”

ಹೆಡ್ಲಿ ಕಲ್ಲು ನೋಡಿದ, ನಮ್ಮನ್ನು ನೋಡಿದ. ಅವನ ಮುಖದಲ್ಲಿ ನಾಲ್ಕೂ ಚೀಲಗಳು ಒಂದೊಂದಾಗಿ ಬಿಚ್ಚಿಕೊಂಡವು.

ಓದುಗರೇ, ಕಾಡಿಗೆ ಹೋಗುವ ಮೊದಲು ಒಂದು ಚೀಟಿ ಬರೆಯಿರಿ. ಯಾವ ಕೆರೆ, ಯಾವ ದಾರಿ, ಯಾವ ಹೊತ್ತು. ‘ಪಕ್ಕದಲ್ಲೇ’ ಎಂದು ಮಾತ್ರ ಬರೆಯಬೇಡಿ. ದಾರಿ ತಪ್ಪಿದರೆ ಇದ್ದಲ್ಲೇ ಇರಿ, ಆ ಚೀಟಿ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಹೊರಲಾಗದಷ್ಟು ದೂರದಲ್ಲಿ ಗುಂಡು ಹಾರಿಸಬೇಡಿ. ನಿಮ್ಮ ಬೆನ್ನು ಎಷ್ಟು ಹೊರುತ್ತದೆಂದು ಬಾಯಿಯನ್ನು ಕೇಳದೆ ಬೆನ್ನನ್ನೇ ಕೇಳಿ. ನಂಬಿಕೆ ಬರದಿದ್ದರೆ ನಮ್ಮೂರಿಗೆ ಬಂದು ಆ ಕೆಂಪು ಕಲ್ಲುಗಳ ಮೇಲೆ ನಡೆದು ನೋಡಿ. ತೋರಿಸುವವನು ಹೆಡ್ಲಿಯೇ. ಕಥೆಯನ್ನೂ ಅವನೇ ಹೇಳುತ್ತಾನೆ, ನನ್ನ ದನಿಯನ್ನು ಅನುಕರಿಸುತ್ತಾನೆ, “ಇದ್ರಲ್ಲಿ ಏನು ತುಂಬಿದ್ದೀರೋ?” ಎನ್ನುವಲ್ಲಿಗೆ ಬಂದಾಗ ಮುಂದೆ ಹೇಳಲಾಗದೆ ಶೆಡ್ಡಿನ ಬಾಗಿಲು ಹಿಡಿದು ನಗುತ್ತಾನೆ. ಆ ದಿನವೂ ಹಾಗೆಯೇ ಆಯಿತು: ಬೆನ್ನ ಮೇಲಿನ ಕಾಲನ್ನು ಇಳಿಸುವುದನ್ನೂ ಮರೆತು, ನಮ್ಮೆಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.