ಹತ್ತು ಜನ ಬೇಕು

"ಹತ್ತು! ಹತ್ತು ಜನ ಇಲ್ಲದ ಗುಂಪು ಗುಂಪೇ ಅಲ್ಲ!" ಸಭೆ ನಡೆಸುತ್ತಿದ್ದ ಸಂಗೀತದ ಮೇಷ್ಟ್ರು ಓಸ್ಟ್ರಮ್ ಕುರ್ಚಿ ಹತ್ತಿ ಕೂಗಿದರು. "ಹದಿನೈದು ನಿಮಿಷ ಟೈಮು. ಬಾಗಿಲು ದಾಟಿದವರು ಲೆಕ್ಕಕ್ಕಿಲ್ಲ."

ಆರ್ಡಿತ್ ತನ್ನ ಗುಂಪನ್ನು ಮತ್ತೊಮ್ಮೆ ಎಣಿಸಿದಳು. ಎಷ್ಟು ಸಲ ಎಣಿಸಿದರೂ ತಾನೂ ಸೇರಿ ಎಂಟೇ. ಗವರ್ನರ್ ಟಾಲ್ಮನ್ ಪರವಾಗಿ ಎರಡು ತಿಂಗಳು ಹಿಮ ತುಳಿದು ಮನೆ ಮನೆ ಬಾಗಿಲು ತಟ್ಟಿದ್ದಕ್ಕೆ ಸಿಕ್ಕಿದ್ದು ಇಷ್ಟು. ಅಮೆರಿಕದ ಅಯೋವಾದಲ್ಲಿ ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವುದೆಂದರೆ ಮರೆಯಲ್ಲಿ ಮತ ಹಾಕುವುದಲ್ಲ. ಶಾಲೆಯ ಆಟದ ಹಾಲಿನಲ್ಲಿ ಎಲ್ಲರ ಕಣ್ಣೆದುರಿಗೇ ತಮ್ಮವರ ಮೂಲೆಗೆ ಹೋಗಿ ನಿಲ್ಲಬೇಕು. ಗಂಡ ಒಂದು ಮೂಲೆ, ಹೆಂಡತಿ ಇನ್ನೊಂದು ಮೂಲೆ. ಹತ್ತು ಜನ ಕೂಡದಿದ್ದರೆ ಬೇರೆ ಗುಂಪು ಸೇರಬೇಕು, ಇಲ್ಲವೇ ಮನೆ ಸೇರಬೇಕು.

ಹಾಲಿನ ಬಹುಪಾಲು ಜನ ಬೇರೊಬ್ಬ ಅಭ್ಯರ್ಥಿಯ ದೊಡ್ಡ ಗುಂಪಿನಲ್ಲಿ. ಎದುರು ಮೂಲೆಯಲ್ಲಿ ಇನ್ನೊಬ್ಬ ಅಭ್ಯರ್ಥಿ ಪ್ರೊಫೆಸರ್ ಬ್ರಿಗ್ಸ್ ಕಡೆಯವರು ಏಳು ಜನ. ಅವರ ಮುಂದಾಳು ಲೈಲ್, ಆರ್ಡಿತ್‌ಳ ಒಡಹುಟ್ಟಿದ ತಮ್ಮ. ಇಬ್ಬರ ಮನೆಗೂ ನಡುವೆ ಎರಡೇ ಮೈಲಿ. ನಾಲ್ಕು ವರ್ಷದಿಂದ ಮಾತಿಲ್ಲ.

ಹೋದ ಸಲ ಇದೇ ಹಾಲಿನಲ್ಲಿ ಜಗಳವಾಗಿತ್ತು. ಔಷಧಿ ಕಂಪನಿಗಳ ಬಾಲ ಹಿಡಿದವಳೆಂದು ಲೈಲ್ ಅವಳನ್ನು ಹಂಗಿಸಿದ್ದ. ಅವಳೇನು ಕಡಿಮೆಯೇ? "ಮಾರ್ಲಿಸ್ ನೆಟ್ಟಗೆ ಇನ್ಸುಲಿನ್ ತಗೊಂಡಿದ್ರೆ ಇವತ್ತು ಇಲ್ಲೇ ನಿಂತಿರೋಳು" ಎಂದುಬಿಟ್ಟಿದ್ದಳು. ಮಾರ್ಲಿಸ್ ಲೈಲ್‌ನ ಹೆಂಡತಿ. ಆಗ ತೀರಿಕೊಂಡು ಐದು ತಿಂಗಳು. ಔಷಧಿಯ ಬೆಲೆ ಎಟುಕದೆ ಆಕೆ ಅರ್ಧರ್ಧ ಡೋಸು ಚುಚ್ಚಿಕೊಳ್ಳುತ್ತಿದ್ದಳೆಂದು ಆರ್ಡಿತ್‌ಗೆ ಆಮೇಲೆ ತಿಳಿಯಿತು. ತಿಳಿದ ಮೇಲೂ ತಮ್ಮನ ಮನೆಗೆ ಹೋಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸುಮ್ಮನೆ ಹೇಳುತ್ತಾರೆಯೇ? ಆ ನವೆಂಬರಿನ ಮುಖ್ಯ ಚುನಾವಣೆಯಲ್ಲಿ ಲೈಲ್ ಕಡೆಯವರು ಮತ ಹಾಕಲು ಬರಲೇ ಇಲ್ಲ. ಪಕ್ಷ ಈ ಜಿಲ್ಲೆಯಲ್ಲಿ ಮಣ್ಣು ಮುಕ್ಕಿತು.

"ನಡಿ ಆರ್ಡಿತ್, ದೊಡ್ಡ ಗುಂಪಿಗೇ ಸೇರ್ಕೊಳ್ಳಾಣ," ಎಂದ ಅವಳ ಗುಂಪಿನ ಡೆಲ್ಬರ್ಟ್. "ಅಲ್ಲಿ ಕೇಕಾದ್ರೂ ಇದೆ."

"ನಿನಗೆ ಹೊಟ್ಟೇದೇ ಚಿಂತೆ. ಸ್ವಲ್ಪ ತಡಿ."

ಅವಳಿಗೆ ಟಾಲ್ಮನ್ ಗೆಲ್ಲಬೇಕಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ತಮ್ಮ ಬೇಕಿತ್ತು. ವಯಸ್ಸು ಎಪ್ಪತ್ತಾಯಿತು; ಇವತ್ತು ಬಿಟ್ಟರೆ ಇನ್ನು ಯಾವಾಗ? ಬಾಸ್ಕೆಟ್‌ಬಾಲ್ ಅಂಕಣದ ಬರಿ ನೆಲವನ್ನು ಅವಳು ಒಬ್ಬಳೇ ದಾಟಿದಳು. ಲೈಲ್ ಎದುರು ಹೋಗಿ ನಿಂತಳು.

"ಏನಕ್ಕಾ, ಜನ ಸಾಲ್ದಾ?" ಲೈಲ್ ಕೈಕಟ್ಟಿಕೊಂಡೇ ಕೇಳಿದ. "ನನ್ನ ಕಡೆಯಿಂದ ಇಬ್ಬರನ್ನ ಎತ್ತಾಕ್ಕೊಂಡು ಹೋಗಾಕೆ ಬಂದ್ಯಾ?"

"ನಿನಗೇನು ಸಾಲ್ತಾ? ಕೇಳಿಲ್ಲಿ. ನೀನು ಬ್ರಿಗ್ಸನ್ನ ಬಿಡು, ನಾನು ಟಾಲ್ಮನ್ನನ್ನ ಬಿಡ್ತೀನಿ. ಯಾರ ಕಡೆಯೂ ಅಲ್ಲದವರು ಅಂತ ಒಟ್ಟಿಗೆ ನಿಲ್ಲಾಣ. ನಿಯಮದಲ್ಲಿ ಅದಕ್ಕೂ ಜಾಗ ಇದೆ. ಪಕ್ಷದ ಜಿಲ್ಲಾ ಸಭೆಗೆ ನಮ್ಮ ಪ್ರತಿನಿಧಿ ಒಬ್ಬರು ಹೋಗ್ತಾರೆ."

"ಹೋಗಿ? ಅಲ್ಲೂ ಕೇಕ್ ತಿನ್ನಾದಾ?"

"ಇನ್ಸುಲಿನ್ ಬೆಲೆ ಇಳಿಸ್ಬೇಕು ಅಂತ ಎದ್ದು ನಿಂತು ಕೇಳಾದು. ಅದರಲ್ಲಿ ನಿಂಗೂ ನಂಗೂ ಜಗಳ ಇಲ್ವಲ್ಲ."

ಲೈಲ್‌ನ ಮುಖ ಕೆಂಪೇರಿತು. "ಇನ್ಸುಲಿನ್ ಮಾತು ನಿನ್ನ ಬಾಯಲ್ಲಿ ಬರಬಾರ್ದು ಅಕ್ಕ. ಅವತ್ತು ಅಷ್ಟು ಜನರ ಮುಂದೆ ಮಾರ್ಲಿಸ್‌ನ ಅಂದೆ. ಇವತ್ತು ನನ್ನ ಕಿವೀಲಿ ಪಿಸುಗುಟ್ಟಿದ್ರೆ ಸರಿಹೋಯ್ತಾ?"

"ಐದು ನಿಮಿಷ!" ಓಸ್ಟ್ರಮ್ ಕೂಗಿದರು.

ಆರ್ಡಿತ್ ಸುತ್ತ ನೋಡಿದಳು. ಅರವತ್ತನಾಲ್ಕು ಜನ, ಅರ್ಧ ಪಾಲು ಅವಳ ಚರ್ಚಿನವರೇ. ಇವರೆದುರು ತಲೆ ತಗ್ಗಿಸುವುದೆಂದರೆ ಸಾಯುವಷ್ಟು ಅವಮಾನ ಅವಳಿಗೆ. ಆದರೂ ಹಾಲಿನ ಕಡೆ ತಿರುಗಿದಳು.

"ನಾಲ್ಕು ವರ್ಷದ ಹಿಂದೆ ಇಲ್ಲೇ ನಿಂತು ನಮ್ಮ ಮಾರ್ಲಿಸ್ ಬಗ್ಗೆ ಒಂದು ಮಾತಂದೆ," ಎಂದಳು. "ಅವಳು ಉಡಾಫೆ ಮಾಡಿ ಸತ್ತಳು ಅಂದಂಗೆ. ಅದು ಸುಳ್ಳು. ಔಷಧಿ ತುಟ್ಟಿಯಾಗಿ ಸತ್ತಳು. ಗೊತ್ತಾದ ಮೇಲೂ ಸುಮ್ನಿದ್ದೆ. ತಪ್ಪು ನಂದು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಡೆಲ್ಬರ್ಟ್, "ನಾನು ಬಂದಿದ್ದು ಗವರ್ನರ್‌ಗೆ ನಿಲ್ಲೋಕೆ, ನಿಮ್ಮ ಮನೆ ಪಂಚಾಯ್ತಿಗಲ್ಲ," ಎಂದು ಇನ್ನಿಬ್ಬರನ್ನು ಕರೆದುಕೊಂಡು ದೊಡ್ಡ ಗುಂಪಿಗೆ ನಡೆದ. ಲೈಲ್ ಕಡೆಯ ಇಬ್ಬರು, "ಟಾಲ್ಮನ್ ಜನದ ಜೊತೆಗಾ? ಸತ್ರೂ ಇಲ್ಲ," ಎಂದು ಕೋಟು ತೊಟ್ಟು ಹೊರಟೇಬಿಟ್ಟರು. ಉಳಿದವರು ಒಬ್ಬೊಬ್ಬರಾಗಿ, ಮುಖ ಗಂಟಿಕ್ಕಿಕೊಂಡೇ, ಅಂಕಣದ ನಡುವೆ ಬಂದು ನಿಂತರು.

"ಹೊತ್ತಾಯ್ತು! ಎಣಿಸ್ಕೊಳ್ಳಿ!"

ಸಾಲಿನ ತುದಿಯಿಂದ ಎಣಿಕೆ ಶುರುವಾಯಿತು. ಆರು, ಏಳು, ಎಂಟು. ಆರ್ಡಿತ್ "ಒಂಬತ್ತು" ಎಂದಳು. ಪಕ್ಕದಲ್ಲಿ ಲೈಲ್ ತನ್ನ ಬೂಟನ್ನೇ ನೋಡುತ್ತಾ ನಿಂತಿದ್ದ. ಓಸ್ಟ್ರಮ್ ಪೆನ್ಸಿಲು ಎತ್ತಿ ಹಿಡಿದು ಕಾದರು.

"ಹತ್ತು," ಎಂದ ಲೈಲ್.

ಮೇಷ್ಟ್ರು ಫಾರಂ ತಂದರು. "ಪ್ರತಿನಿಧಿ ಯಾರು? ಬೇಗ ಬರೀರಿ."

"ನೀನೇ ಹೋಗು ಕಣೋ," ಎಂದಳು ಆರ್ಡಿತ್.

"ನಂಗೆ ಅವಳ ಮಾತೆತ್ತಿದ್ರೆ ಗಂಟಲು ಕಟ್ತದೆ. ಈಗ ಹೇಳಿದ್ಯಲ್ಲ, ಹಂಗೇ ಅಲ್ಲೂ ಹೇಳು."

ಅವಳು ಕನ್ನಡಕ ಹುಡುಕುವಷ್ಟರಲ್ಲಿ ಲೈಲ್ ಫಾರಮನ್ನು ಗೋಡೆಗೊತ್ತಿ ತಾನೇ ಬರೆಯತೊಡಗಿದ್ದ. ಅಕ್ಕನ ಹೆಸರು ಬರೆದ, ವಿಳಾಸ ಬರೆದ. ನಾಲ್ಕು ವರ್ಷ ಒಮ್ಮೆಯೂ ಒತ್ತದ ಅವಳ ಫೋನ್ ನಂಬರನ್ನು, ಯಾರನ್ನೂ ಕೇಳದೆ, ಒಂದಂಕಿಯೂ ತಪ್ಪದೆ ಬರೆದು ಮುಗಿಸಿದ.