ಮರಿಹೊತ್ತ ತಾಟೆ

ಹಗ್ಗದ ಮಾತೆತ್ತಿದರೆ ಇಂದಿಗೂ ನನ್ನ ಅಂಗೈ ಉರಿಯುತ್ತದೆ. ಕಡಲಿಗೆ ಬಿಟ್ಟ ದೊಡ್ಡ ಬಲೆಯನ್ನು ಊರವರೆಲ್ಲ ದಡದಲ್ಲಿ ನಿಂತು ಎಳೆಯುತ್ತಿದ್ದ ಕಾಲವದು. ಹಗ್ಗಕ್ಕೆ ಕೈಕೊಟ್ಟ ಯಾರಿಗೇ ಆಗಲಿ, ಮೀನಿನಲ್ಲಿ ಪಾಲು. ಕಡಲಿಲ್ಲದೆ ಮನುಷ್ಯನಿಗೆ ಬದುಕಿಲ್ಲ ಎಂದು ಈಗ ಯಾರೆದುರಾದರೂ ವಾದಿಸುತ್ತೇನೆ. ಆಗ ಹಾಗಿರಲಿಲ್ಲ. ಬಯಲುಸೀಮೆಯಿಂದ ಮದುವೆಯಾಗಿ ಬಂದವಳು, ಎರಡು ವರ್ಷ ಮೂಗು ಮುಚ್ಚಿಕೊಂಡೇ ಇದ್ದೆ. ಕೊಬ್ಬು, ಇನ್ನೇನು!

ಆ ಕೊಬ್ಬು ಇಳಿದದ್ದು ಮಗನಿಗೆ ಎರಡು ತಿಂಗಳಾದಾಗ. ಜ್ವರ ಬಂದು ಹೋದ ಮೇಲೆ ನನ್ನ ಎದೆಯಲ್ಲಿ ಹಾಲು ನಿಂತುಹೋಯಿತು. ಗಂಜಿತಿಳಿ, ದನದ ಹಾಲು, ಏನು ಕುಡಿಸಿದರೂ ಮಗು ಮರುಗಳಿಗೆಯೇ ಕಕ್ಕುತ್ತಿತ್ತು. ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ಊರವರು ಆಡಿಕೊಂಡಾರೆಂದು, ಯಾರಿಗೂ ಹೇಳಬಾರದೆಂದು ಅತ್ತೆಯಿಂದ ಆಣೆ ಹಾಕಿಸಿಕೊಂಡಿದ್ದೆ.

"ತಾಟೆ ಸಾರು ಉಂಡ್ರೆ ಹಾಲು ಇಳೀತ್ ಹೆಣೆ," ಎಂದರು ಅತ್ತೆ ಸಿಂಗಾರಮ್ಮ. "ಬಾ, ಹಗ್ಗ ಹಿಡಿ." ತಾಟೆಯೆಂದರೆ ಸಣ್ಣ ಜಾತಿಯ ಶಾರ್ಕು; ಆ ಊರಿನಲ್ಲಿ ಬಾಣಂತಿಯರ ಮೀನು.

ಐದು ದಿನ ಎಳೆದೆ. ಅಂಗೈ ಸುಲಿದುಹೋಯಿತು. ಬಂದದ್ದೆಲ್ಲ ಬಂಗುಡೆ, ಬೂತಾಯಿ. ಆರನೆಯ ಬೆಳಿಗ್ಗೆ ಬಲೆಯಲ್ಲಿ ಒಂದೇ ಒಂದು ತಾಟೆ ಹೊರಳಾಡುತ್ತಿತ್ತು. "ಅದು ನನಗೆ!" ಎಂದು ಕಿರುಚಿದೆ. ಆದರೆ ಅದರ ಹೊಟ್ಟೆ ಉಬ್ಬಿತ್ತು. ಮರಿಹೊತ್ತ ತಾಟೆಯನ್ನು ಕಡಲಿಗೇ ಬಿಡಬೇಕೆಂಬುದು ಆ ದಡದ ಕಟ್ಟಳೆ. ಬಿಡದವರನ್ನು ಬೈದು ಬಿಡಿಸುತ್ತಿದ್ದವರು ನಮ್ಮ ಅತ್ತೆಯೇ.

ಅತ್ತೆ ಮೊಮ್ಮಗನನ್ನು ಅವಚಿಕೊಂಡು ಬೇರೆಲ್ಲೋ ನೋಡಿದರು. "ಇವತ್ತೊಂದಿನ ಕಣ್ಣ್ ಮುಚ್ಕಣಿ," ಎಂದರು.

ಬಲೆಯ ಯಜಮಾನ ಕಾಳಿಂಗಣ್ಣ ಬೆಪ್ಪಾದ. "ನೀವೇ ಹೀಂಗ್ ಅಂದ್ರೆ ಹ್ಯಾಂಗೆ ಅಕ್ಕ?"

ಅವನ ಅಪ್ಪಣೆ ಯಾರಿಗೆ ಬೇಕಿತ್ತು! ಬುಟ್ಟಿಗೆ ಹಾಕಲು ನಾನೇ ಮೀನನ್ನು ಎರಡೂ ಕೈಯಿಂದ ಎತ್ತಿದೆ. ಒಳಗೆ ಮರಿಗಳು ಮಿಸುಕಿದವು. ಮೊನ್ನೆ ಮೊನ್ನೆ ನನ್ನ ಹೊಟ್ಟೆಯೊಳಗೂ ಹೀಗೇ ಮಿಸುಕುತ್ತಿತ್ತಲ್ಲ! ಇವನ್ನು ಇಂದು ನಾನು ತಿಂದರೆ, ನಾಳೆ ಇನ್ನೊಬ್ಬ ಬಾಣಂತಿಗೆ ತಾಟೆ ಎಲ್ಲಿಂದ ಬರಬೇಕು? ಹಾಳು ಕಡಲಿನ ಮೇಲೆ ಎಂಥ ಸಿಟ್ಟು ಬಂತೆಂದರೆ, ಬಾಯಿಗೆ ಬಂದಂತೆ ಬೈಯುತ್ತಲೇ ಮೊಣಕಾಲುಮಟ್ಟದ ನೀರಿಗಿಳಿದು ಅದನ್ನು ಬಿಟ್ಟೆ. ದಡಕ್ಕೆ ಬಂದು, ನಾಚಿಕೆ ಬಿಟ್ಟು, "ನನ್ನ ಮಗನಿಗೆ ಹಾಲಿಲ್ಲ," ಎಂದು ಎಲ್ಲರೆದುರು ಗೋಳೋ ಎಂದು ಅತ್ತುಬಿಟ್ಟೆ.

ಹಗ್ಗ ಎಳೆಯುವಾಗ ನನ್ನ ಪಕ್ಕ ನಿಲ್ಲುತ್ತಿದ್ದ ಜಲಜಳಿಗೂ ಕೈಗೂಸಿತ್ತು. "ಮೊದ್ಲೇ ಹೇಳುಕೆ ಎಂತ ದಾಡಿ ನಿಂಗೆ, ಮಾರಾಯ್ತಿ?" ಎಂದು ಬೈದು, ಅತ್ತೆಯ ಕೈಯಿಂದ ಮಗುವನ್ನು ಕಿತ್ತುಕೊಂಡು, ಮರಳಲ್ಲೇ ಕೂತು ಎದೆಗಿಟ್ಟುಕೊಂಡಳು. ಮಗ ಗುಟುಕು ಗುಟುಕಾಗಿ ಕುಡಿಯುವ ಸದ್ದು ಕೇಳಿಸಿತು. ಆ ಸದ್ದು ಕೇಳದೆ ಎಂಟು ದಿನವಾಗಿತ್ತು.

ನನ್ನ ರವಿಕೆ ಒದ್ದೆಯಾಗಿತ್ತು. ಅಲೆ ಎರಚಿದ್ದಿರಬೇಕೆಂದು ಸೆರಗಿನಿಂದ ಒತ್ತಿಕೊಂಡೆ. ಅತ್ತೆ ಹತ್ತಿರ ಬಂದು ಮುಟ್ಟಿನೋಡಿ, ಆ ಬೆರಳನ್ನು ನಾಲಿಗೆಗಿಟ್ಟರು.

"ಉಪ್ಪಿಲ್ಲ ಹೆಣೆ," ಎಂದರು. "ಹಾಲು!"

ನಾನು ಜಲಜಳತ್ತ ಎರಡೂ ಕೈ ಚಾಚಿದೆ.