ಕೈಗುಣ

ನನ್ನ ಕೈಗುಣ ಸರಿಯಿಲ್ಲವಂತೆ. ಹೇಳಿದವರು ಯಾರೋ ಬೀದಿಯವರಲ್ಲ, ನನ್ನ ಅತ್ತೆ ರೇಣವ್ವ. ಅದೂ ನಾನೇ ಕಡೆದುಕೊಟ್ಟ ಲಟ್ಟಣಿಗೆಯಿಂದ ಚಪಾತಿ ಲಟ್ಟಿಸುತ್ತ ಹೇಳಿದರು.

ಕಟ್ಟಿಗೆ ಕಡೆಯುವುದನ್ನು ನಾನು ತವರೂರಾದ ಮಸೂತಿ ಹಳ್ಳಿಯಲ್ಲಿ ಅಪ್ಪನ ಹತ್ತಿರ ಕಲಿತವಳು. ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದ ಮೇಲೆ, ನನ್ನ ಗಂಡ ಕಲ್ಮೇಶ ಊರೂರು ತಿರುಗಿ ಬಾಗಿಲು, ಚೌಕಟ್ಟು ಕೂಡಿಸುತ್ತಿದ್ದರೆ ನಾನು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಕಟ್ಟಿಗೆಯನ್ನು ಗರಗರ ತಿರುಗಿಸಿ ಕಡೆಯುವ ಇವರ ಮಷಿನ್ ಹಚ್ಚಿ ಲಟ್ಟಣಿಗೆ, ಕಡಗೋಲು ಮಾಡುತ್ತಿದ್ದೆ. ಉಳಿ ತಾಗಿ ಕಟ್ಟಿಗೆಯ ಸಿಪ್ಪೆ ಹಾರುವಾಗ ನನಗೆ ಜಗತ್ತಿನಲ್ಲಿ ಬೇರೆ ಯಾರೂ ಬೇಡ. ಆ ಮಷಿನ್ ಇಲ್ಲವೆಂದರೆ ಈ ಮನೆಯಲ್ಲಿ ನಾನು ರೊಟ್ಟಿ ಬಡಿಯುವವಳು, ಅಷ್ಟೇ.

ಅದರ ಮೋಟರು ಪದೇ ಪದೇ ಸುಟ್ಟುಹೋಗತೊಡಗಿತು. ಮೊದಲ ಸಲ ಯಾರೂ ಏನೂ ಅನ್ನಲಿಲ್ಲ. ರಿವೈಂಡಿಂಗ್ ಅಂಗಡಿಯ ಆರಿಫ ಹೊಸ ತಂತಿ ಸುತ್ತಿಕೊಟ್ಟ. ಮತ್ತೆ ಸುಟ್ಟಿತು. ವೋಲ್ಟೇಜ್ ಕಡಿಮೆಯಿರಬೇಕೆಂದು ಕರೆಂಟು ಸರಿಯಿದ್ದಾಗ ಮಾತ್ರ ಹಚ್ಚಿದೆ. ಬೇರಿಂಗ್ ಹಾಕಿಸಿದೆವು. ಮೀಟರಿನಿಂದ ದಪ್ಪ ವೈರ್ ಎಳೆಸಿದೆವು. ಬೆಲ್ಟು ಬಿಗಿಯಾಯಿತೇನೋ ಎಂದು ಸಡಿಲ ಮಾಡಿದೆ. ಏನು ಮಾಡಿದರೂ ಅದೇ ಹೊಗೆ, ಅದೇ ನಾತ.

"ಅಕ್ಕಾರ, ಸುರುಳಿ ಪೂರಾ ಕರ್ರಗಾಗೇತ್ರಿ. ಭಾಳ ಕಾಯಾಕತ್ತೈತಿ ಇದು. ಯಾಕಂತ ಇಲ್ಲಿ ಕುಂತು ನನಗ ಹೆಂಗ ತಿಳೀಬೇಕ್ರಿ?" ಎಂದ ಆರಿಫ.

ಅತ್ತೆಗೆ ಮಾತ್ರ ತಿಳಿದಿತ್ತು. "ನನ್ನ ಮಗ ನಡಸೂ ಮುಂದ ಒಮ್ಮೆನೂ ಸುಟ್ಟಿಲ್ಲ. ಈಕಿ ಕೈ ಹಚ್ಚಿದ್ಲು, ಸುರು ಆತು. ಕೈಗುಣ ಅಂತ ಒಂದು ಇರತೈತವ್ವಾ!"

ಅತ್ತೆ ಕೆಟ್ಟವರಲ್ಲ, ಅದೇ ನನ್ನ ಕರ್ಮ. ನಾನು ಮಷಿನ್ ಹಚ್ಚಿದ ಹೊಸದರಲ್ಲಿ, ಹೆಂಗಸು ಕಟ್ಟಿಗೆ ಕಡೆಯುತ್ತಾಳೆಂದು ಓಣಿಯವರು ನೋಡಲು ಬರುತ್ತಿದ್ದರು. ದೃಷ್ಟಿಯಾಗಬಾರದು, ಕಟ್ಟಿಗೆಯ ಪುಡಿಯೂ ಒಳಗೆ ಹೋಗಬಾರದು ಎಂದು ಅತ್ತೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ, ಕೂಸಿಗೆ ಹೊಲಿದಂತೆ ಮೋಟರಿಗೊಂದು ಪುಟ್ಟ ಕೌದಿ ಹೊಲಿದರು. ಪ್ರತಿ ಸಲ ಸುಟ್ಟಾಗಲೂ ಅದಕ್ಕೆ ಇನ್ನೊಂದು ಪದರ. ಅಂಗಡಿಗೆ ಒಯ್ಯುವಾಗ ಬಿಚ್ಚಿ ಮಡಚಿಡುವುದು, ತಂದ ಮೇಲೆ ಮತ್ತೆ ಬಿಗಿದು ಕಟ್ಟುವುದು. ಹಾಗಾಗಿ ಆರಿಫ ಅದನ್ನು ನೋಡಲೇ ಇಲ್ಲ. ನಾನೂ ಒಳ್ಳೆಯದೇ ಎಂದುಕೊಂಡಿದ್ದೆ.

"ಸಾಕಿನ್ನ. ಅನಿಲ ಮಾಡ್ಲಿ," ಎಂದರು ಅತ್ತೆ ಒಂದು ದಿನ. ಅನಿಲ ನನ್ನ ಮೈದುನ. ಅವನಿಗೆ ಉಳಿ ಹಿಡಿಯುವುದನ್ನೂ ನಾನೇ ಕಲಿಸಬೇಕಾಯಿತು. ಊಟಕ್ಕೆ ಕೂತಿದ್ದ ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ.

ಅನಿಲ ಬಂದವನೇ ಕೌದಿ ಬಿಚ್ಚಿ ತನ್ನ ಬೈಕಿನ ಸೀಟಿಗೆ ಹಾಸಿದ. "ಬಿಸಲಾಗ ಸೀಟ್ ಭಾಳ ಸುಡತೈತಿ ವೈನಿ," ಎಂದು ನಕ್ಕ. ಮೋಟರು ಸುಡಲಿಲ್ಲ. ಮಳೆಗಾಲ ಕಳೆದರೂ ಸುಡಲಿಲ್ಲ. "ಕೈಗುಣ ಅಂದ್ರ ಇದು ನೋಡ್ರಿ!" ಎಂದು ಅತ್ತೆ ಓಣಿಗೆಲ್ಲ ಸಾರಿದರು.

ಚಹಾ ಕೊಡಲು ಹೋದವಳು ಮೋಟರಿನ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು, ಅಷ್ಟೇ. ನನ್ನ ಕಾಲದಲ್ಲಿ ಅದನ್ನು ಮುಟ್ಟಲಾಗುತ್ತಿರಲಿಲ್ಲ. ಮೋಟರಿನ ಹಿಂಬದಿಯ ಜಾಲರಿಯ ಹತ್ತಿರ ಕೈ ಒಯ್ದೆ. ಒಳಗಿನ ಫ್ಯಾನು ಮೋಟರನ್ನು ತಣ್ಣಗಿಡಲು ಗಾಳಿ ಎಳೆದುಕೊಳ್ಳುತ್ತಿತ್ತು. ಅಯ್ಯೋ ನನ್ನ ಹಣೆಬರಹವೇ! ಆ ಜಾಲರಿಯ ಮೇಲೆಯೇ ನಾವು ಕೌದಿ ಬಿಗಿಯುತ್ತಿದ್ದೆವು.

ಇವರನ್ನು ಕರೆದು ತೋರಿಸಿದೆ. ಕೌದಿ ತಂದು ಹಿಡಿದರೆ ಅದು ಪಟ್ಟನೆ ಜಾಲರಿಗೆ ಅಂಟಿಕೊಂಡಿತು. ಸ್ವಲ್ಪ ಹೊತ್ತಿಗೆ ಮೋಟರು ಕೈ ಇಡಲಾರದಷ್ಟು ಕಾಯಿತು. ಇವರಿಗೆ ಎಲ್ಲ ತಿಳಿಯಿತು, ಮುಖವೇ ಹೇಳುತ್ತಿತ್ತು.

"ಅವ್ವನ ಮುಂದ ಅನಬ್ಯಾಡ," ಎಂದರು. "ಪ್ರೀತಿಲೆ ಹೊಲದಾಳ. ಮನಸ್ಸಿಗೆ ಹಚ್ಕೋತಾಳ."

"ಮತ್ತ ನನ್ನ ಕೈಗುಣರಿ?"

"ಏ, ಅದನ್ನೇನ ಮನಸ್ಸಿಗೆ ಹಚ್ಕೋತಿ!"

"ಹಂಗಾರ ಮಷಿನ್ ನನಗ ಕೊಡಸ್ರಿ."

"ಅನಿಲಗೂ ಒಂದು ಉದ್ಯೋಗ ಬೇಕಲ್ಲ. ನಡದೈತಿ, ನಡೀಲಿ ಬಿಡು."

ನಡೆಯುತ್ತಿದ್ದದ್ದು ಅವರವರದು. ನಿಂತದ್ದು ನನ್ನದೊಂದೇ.

ನಿನ್ನೆ ಅತ್ತೆ ಹಳೆಯ ಸೀರೆಗಳ ಗಂಟು ತಂದು ನನ್ನ ಮುಂದಿಟ್ಟರು. "ಅನಿಲನ ಮ್ಯಾಲೆ ಮಂದಿ ಕಣ್ಣು ಬಿದ್ದೈತಿ. ಇದ್ದ ಕೌದಿ ಗಾಡಿ ಪಾಲಾತು. ನನಗ ಸೂಜಿ ಕಾಣವಲ್ದು. ಮೋಟರಿಗೆ ಹೊಸಾದೊಂದು ಹೊಲದ ಕೊಡ ರಾಜವ್ವಾ. ಹೊಲಿಗಿಗೆ ನಿನ್ನ ಕೈಗುಣ ಚಲೋ ಐತಿ."

ಇವರ ಕಡೆ ನೋಡಿದೆ. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಚಪ್ಪಲಿ ಮೆಟ್ಟಿ ಹೊರಗೆ ನಡೆದರು.

"ಎಷ್ಟು ಪದರ ಹಾಕ್ಲಿ ಅತ್ತಿ?" ಎಂದೆ.

"ದಪ್ಪ ಆಗ್ಲಿ ಬಿಡು."

ಗಂಟು ಬಿಚ್ಚಿದೆ. ದಪ್ಪ ಸೀರೆಗಳನ್ನೇ ಆರಿಸಿಕೊಂಡು ಹೊಲಿಯಲು ಕೂತೆ.